ಕೆಂಪು ಬಟ್ಟೆಯ ಗಂಟು

ಆ ಪಿನ್ನನ್ನು ಎಳೆದವಳು ನಾನು, ಇದಿನಬ್ಬಣ್ಣ. ನೀವು ಮರೆತದ್ದಲ್ಲ. ನಿಮ್ಮ ಕೈ ತಪ್ಪಿದ್ದೂ ಅಲ್ಲ. ಆ ಶುಕ್ರವಾರ ಮಧ್ಯಾಹ್ನ ನೀವು ನಮಾಜಿಗೆ ಹೋಗಿದ್ದಾಗ ಸ್ಟೂಲು ಹತ್ತಿ, ನೀವು ಕಟ್ಟಿದ್ದ ಕೆಂಪು ಬಟ್ಟೆ ಬಿಚ್ಚಿ, ಒಳಗೆ ಇಣುಕಿದವಳು ನಾನು. ಆರು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಅನ್ನ ಉಂಡಿದ್ದೇನೆ. ಚೆನ್ನಾಗಿಯೇ ಉಂಡಿದ್ದೇನೆ — ಪಶ್ಚಾತ್ತಾಪದಲ್ಲಿ ಸೊರಗಿಹೋದೆ ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ನಾನು ಅನುಮಾನದ ಹೆಂಗಸು. ಹಾಲು ಬಂದರೆ ನೀರು ಹುಡುಕುತ್ತೇನೆ, ಗೊಬ್ಬರದ ಮೂಟೆ ಬಂದರೆ ಹೊಲಿಗೆ ನೋಡುತ್ತೇನೆ. ಕಾಫಿ ಕೊಯ್ಲಿನ ದಿನಗಳಲ್ಲಿ ಆಳುಗಳ ಚೀಲದ ತಳಕ್ಕೆ ಕೈ ಹಾಕಿ, ಹಣ್ಣಿನಡಿ ಎಲೆ ಕಡ್ಡಿ ತುಂಬಿದ್ದಾರೋ ಎಂದು ತಡಕುವವಳು. "ನಿಂಗೆ ನಿನ್ನ ನೆರಳಿನ ಮೇಲೂ ಡೌಟು ಮಾರಾಯ್ತಿ" ಎಂದು ನಮ್ಮ ಮನೆಯವರು ನಗುತ್ತಿದ್ದರು. ನನಗದು ಬೈಗುಳವಾಗಿ ಕೇಳಿಸುತ್ತಿರಲಿಲ್ಲ. ನನ್ನ ಅನುಮಾನದಿಂದಲೇ ಈ ತೋಟ ಉಳಿದದ್ದು ಎಂದು ಒಳಗೊಳಗೇ ಹೆಮ್ಮೆಪಡುತ್ತಿದ್ದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ಕಾಮಾಲೆ ಹಿಡಿದಿದೆ ಎಂಬುದು ಹಿಡಿದವಳಿಗೇ ಎಲ್ಲರಿಗಿಂತ ಕೊನೆಗೆ ಗೊತ್ತಾಗುತ್ತದೆ.

ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ನಿಮಗೆ ಗೊತ್ತಿರುವುದು ಅರ್ಧ ಮಾತ್ರ.

ಗೋಣಿಬೀಡಿನ ಆಚೆ ನಮ್ಮ ತೋಟದ ಅಂಚಿಗೆ ಪ್ರವಾಸಿಗರು ಬಾಡಿಗೆಗೆ ಉಳಿಯಲೆಂದು ಒಂದು ಹಳೆಯ ಕ್ಯಾರವಾನ್, ಗಾಲಿಯ ಮೇಲಿನ ಮನೆ, ತಂದು ನಿಲ್ಲಿಸಿದ ವರ್ಷ ಅದು. ಒಳಗೆ ಎರಡು ಹಾಸಿಗೆ, ಪುಟ್ಟದೊಂದು ಸಿಂಕು. ಹೊರಗೆ, ಸುರುಳಿಯಿಂದ ಎಳೆದರೆ ಬಿಚ್ಚಿಕೊಂಡು ಎರಡು ಕಾಲುಗಳ ಮೇಲೆ ನಿಲ್ಲುವ ಬಟ್ಟೆಯ ಮಾಡು. ಅದಕ್ಕೆ ಆನಿಂಗ್ ಎನ್ನುತ್ತಾರಂತೆ, ನಾವು ಚಪ್ಪರ ಎಂದೆವು. ಬಂದ ಅತಿಥಿಗಳಿಗೆ ಬೇಕಾಗಿದ್ದದ್ದೇ ಅದು — ಅದರಡಿ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುವುದು, ಫೋಟೋ ತೆಗೆಸಿಕೊಳ್ಳುವುದು. ಮೊದಲ ಮಳೆಗಾಲಕ್ಕೇ ಚಪ್ಪರ ಕೆಟ್ಟಿತು. ಸುತ್ತಿ ಮುಚ್ಚಿದರೆ ಗಾಡಿಯ ಮುಂಭಾಗದ ಕಡೆಯ ತುದಿ ತನ್ನ ಜಾಗಕ್ಕೆ ಹೋಗಿ ಕೂರುತ್ತಿತ್ತು, ಹಿಂಭಾಗದ ಕಡೆಯ ತುದಿ ನಾಲ್ಕು ಬೆರಳು ಹೊರಗೇ ಉಳಿಯುತ್ತಿತ್ತು. ಗಾಳಿ ಬಂದರೆ ಪಟಪಟ ಬಡಿಯುತ್ತಿತ್ತು.

ಕೊಟ್ಟಿಗೆಹಾರದ ಶಟರ್ ಇದಿನಬ್ಬ ಎಂದರೆ ಮೂಡಿಗೆರೆಯ ತನಕ ಅಂಗಡಿಯವರಿಗೆಲ್ಲ ಗೊತ್ತು. ಅವರ ಬಾಗಿಲುಗಳ ಸ್ಪ್ರಿಂಗ್ ಸುತ್ತುತ್ತಿದ್ದದ್ದು ನಿಮ್ಮ ಕೈ. ನಾವು ಕರೆಸಿದಾಗ ಬಂದು, ನಮ್ಮ ಚಪ್ಪರವನ್ನು ಒಂದು ಸುತ್ತು ನೋಡಿ, "ಇದೂ ಒಂದು ಶಟರೇ ಅಮ್ಮ, ತಗಡಿನ ಬದ್ಲು ಬಟ್ಟೆ ಅಷ್ಟೆ" ಎಂದಿರಿ. ಸುರುಳಿಯ ಎರಡೂ ತುದಿಯಲ್ಲಿ ಒಂದೊಂದು ಸ್ಪ್ರಿಂಗ್ ಇದೆ, ಹಿಂದಿನದು ಸೋತಿದೆ, ಬಟ್ಟೆಯೂ ಓರೆಯಾಗಿ ಸುತ್ತಿಕೊಂಡಿದೆ ಎಂದು ತೋರಿಸಿದಿರಿ. ಬಟ್ಟೆ ನೇರ ಮಾಡಿ, ಸ್ಪ್ರಿಂಗಿಗೆ ಎರಡು ಸುತ್ತು ಹೆಚ್ಚು ಕೊಟ್ಟು ಹೋದಿರಿ. ಸಮವಾಗಿ ಮುಚ್ಚಿತು. ಹದಿನೈದು ದಿನಕ್ಕೆ ಮತ್ತೆ ಓರೆ. ಮತ್ತೆ ಬಂದಿರಿ, ಮತ್ತೆ ಸರಿಯಾಯಿತು. ಮತ್ತೆ ಓರೆಯಾಯಿತು.

ಆ ಎರಡನೆಯ ಸಲ ನೀವು ಕೇಳಿದ್ದು ನೆನಪಿದೆಯೇ? "ಅಮ್ಮ, ಮುಚ್ಚೋವಾಗ ಎರಡೂ ಕಾಲು ಒಂದೇ ಮಟ್ಟಕ್ಕೆ ತರ್ತೀರಲ್ವ?"

"ಅಷ್ಟೂ ಗೊತ್ತಾಗಲ್ವ ನಮಗೆ?" ಎಂದೆ.

ಮೊದಲ ಸುಳ್ಳು ಅದು. ನಮ್ಮ ಕಡೆಯವರು ಸಮತಟ್ಟಾದ ಮಾಡನ್ನು ನಂಬುವುದಿಲ್ಲ. ನೀರು ನಿಂತೀತು ಎಂಬ ಭಯ ಹುಟ್ಟಿನಿಂದಲೇ ಬಂದಿರುತ್ತದೆ. ಮೋಡ ಕವಿದ ಕೂಡಲೇ ನಾನು ಹೋಗಿ ಚಪ್ಪರದ ಹಿಂದಿನ ಕಾಲನ್ನು ಒಂದು ಗೇಣು ತಗ್ಗಿಸುತ್ತಿದ್ದೆ, ನೀರು ಆ ಕಡೆಗೆ ಇಳಿದುಹೋಗಲಿ ಎಂದು. ಸಂಜೆ, ತಗ್ಗಿಸಿದ ಕಾಲನ್ನು ಎತ್ತದೆ, ಹಾಗೆಯೇ ಸುತ್ತಿ ಮುಚ್ಚುತ್ತಿದ್ದೆ. ನೀವು ನೇರ ಮಾಡಿ ಹೋದದ್ದನ್ನು ಪ್ರತಿ ಸಂಜೆ ಓರೆ ಮಾಡುತ್ತಿದ್ದವಳು ನಾನೇ. ಆಗ ಗೊತ್ತಿರಲಿಲ್ಲ ಎನ್ನಬಹುದು. ಆದರೆ ನೀವು ಕೇಳಿದ ಗಳಿಗೆಯಲ್ಲಿ ಎದೆ ಸಣ್ಣಗೆ ಹೊಡೆದುಕೊಂಡಿತಲ್ಲ — ಅದಕ್ಕೆ ಗೊತ್ತಿತ್ತು.

ಆ ಹೊಡೆತವನ್ನು ಅಡಗಿಸಲು ನಿಮ್ಮನ್ನು ಗಮನಿಸತೊಡಗಿದೆ. ಬೇಕೆಂದೇ ಅರ್ಧ ಕೆಲಸ ಮಾಡಿ ಹೋಗುತ್ತೀರಿ ಎಂದುಕೊಂಡೆ. ಪದೇಪದೇ ಕರೆಸಿಕೊಳ್ಳುವ ಉಪಾಯ. ನಮ್ಮ ಒಳ್ಳೆಯ ಸ್ಪ್ರಿಂಗ್ ತೆಗೆದು ಯಾವುದೋ ಅಂಗಡಿಯ ಸವೆದ ಸ್ಪ್ರಿಂಗ್ ತುರುಕಿರಬೇಕು. ನಿಮ್ಮ ಚೀಲ ಬರುವಾಗ ಇದ್ದದ್ದಕ್ಕಿಂತ ಹೋಗುವಾಗ ಉಬ್ಬಿದ ಹಾಗೆ ಕಾಣುತ್ತಿತ್ತು. ಫೋನಿನಲ್ಲಿ ನಿಮ್ಮ ಬ್ಯಾರಿ ಭಾಷೆಯಲ್ಲಿ ಮಾತಾಡಿ ನಕ್ಕಿರಾ — ನನ್ನ ವಿಷಯವೇ ಇರಬೇಕು. "ಆ ಮನುಷ್ಯ ಹಂಗಲ್ಲ ಮಾರಾಯ್ತಿ" ಎಂದ ಮನೆಯವರ ಮೇಲೂ ಸಿಟ್ಟು ಬಂತು. ಅದೇ ಎರಡನೆಯ ಸಲ ನೀವು ಕೈ ತೊಳೆಯಲು ಹೋದಾಗ, ಹೊರಗೆ ತೆಗೆದಿಟ್ಟಿದ್ದ ಸ್ಪ್ರಿಂಗಿನ ತುದಿಗೆ ಮಗಳು ಬಿಟ್ಟುಹೋಗಿದ್ದ ನೇಲ್ ಪಾಲಿಶಿನ ಒಂದು ಚುಕ್ಕೆ ಇಟ್ಟೆ. ಕಳ್ಳನನ್ನು ಹಿಡಿಯುವ ಗುರುತು.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಅದೇ ಕೆಲಸಕ್ಕೆ ನಮ್ಮ ಪೈಕಿಯವರೊಬ್ಬರು ಬಂದಿದ್ದರೆ ಆ ಚುಕ್ಕೆ ಇಡುತ್ತಿದ್ದೆನೆ? ನಾನು ಎಲ್ಲರನ್ನೂ ಅನುಮಾನಿಸುವವಳು, ನನಗೆ ಭೇದವಿಲ್ಲ ಎಂದು ಬಹಳ ದಿನ ಹೇಳಿಕೊಂಡೆ. ಅದು — ಪೂರ್ತಿ ನಿಜವಲ್ಲ.

ಮೂರನೆಯ ಸಲ ನೀವು ಬಂದದ್ದು ಆ ಶುಕ್ರವಾರ. ಹಿಂದಿನ ತುದಿಯ ಸ್ಪ್ರಿಂಗನ್ನು ಬಿಗಿಯಾಗಿ ಸುತ್ತಿ, ಅದು ಬಿಚ್ಚಿಕೊಳ್ಳದ ಹಾಗೆ ಸುರುಳಿಯ ತುದಿಯ ಕಬ್ಬಿಣದ ಮುಚ್ಚಳದ ತೂತಿಗೆ ಒಂದು ಉದ್ದ ಮೊಳೆಯನ್ನು ಈ ಕಡೆಯಿಂದ ಆ ಕಡೆಗೆ ತೂರಿಸಿದಿರಿ. ಅದನ್ನೇ ನೀವು ಪಿನ್ ಎನ್ನುತ್ತಿದ್ದದ್ದು. ಆಮೇಲೆ ಮೊಳೆಯ ತಲೆಗೆ ಒಂದು ಚೂರು ಕೆಂಪು ಬಟ್ಟೆ ಕಟ್ಟಿದಿರಿ. ಸುತ್ತಿದ ಸ್ಪ್ರಿಂಗ್ ಇರುವ ಕಡೆಯೆಲ್ಲ ಕೆಂಪು ಬಟ್ಟೆ ಕಟ್ಟುವುದು ನಿಮ್ಮ ಪದ್ಧತಿ. ತುದಿ ಹಿಡಿದು ಒಮ್ಮೆ ಎಳೆದರೆ ಬಿಚ್ಚಿಕೊಳ್ಳುವ ಗಂಟು.

"ಅಮ್ಮ, ಜುಮ್ಮಾ ಮುಗ್ಸಿ ಬಂದ್ಬಿಡ್ತೀನಿ. ಕೆಂಪು ಬಟ್ಟೆ ಇರೋ ಕಡೆ ಯಾರೂ ಕೈ ಹಾಕೋದು ಬೇಡ. ಒಳಗೆ ಹಾವು ಮಲಗಿದ್ದಂಗೆ ಅದು."

"ಯಾರು ಹಾಕ್ತಾರೆ? ಹೋಗಿ ಬನ್ನಿ."

ನಿಮ್ಮ ಬೈಕಿನ ಸದ್ದು ತಿರುವಿನಾಚೆ ಇಳಿದದ್ದೇ ಸ್ಟೂಲು ತಂದೆ. ಬಟ್ಟೆ ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು. ಮೊಳೆ ಅಡ್ಡವಿದ್ದುದರಿಂದ ತೂತಿನೊಳಗೆ ಸ್ಪ್ರಿಂಗಿನ ತುದಿ ಕಾಣಲಿಲ್ಲ. ಮೊಳೆಯನ್ನು ಸ್ವಲ್ಪ ಎಳೆದೆ. ಇನ್ನೂ ಸ್ವಲ್ಪ. ಒಳಗೆ ಟಕ್ ಎಂದು ಏನೋ ಜರುಗಿತು. ಆದರೂ ನೋಡಿದೆ — ನೇಲ್ ಪಾಲಿಶಿನ ಚುಕ್ಕೆ ಅಲ್ಲೇ ಇತ್ತು. ನಮ್ಮದೇ ಸ್ಪ್ರಿಂಗ್. ನನಗೆ ಸಮಾಧಾನವಾಗಬೇಕಿತ್ತು. ಆದದ್ದು ನಿರಾಶೆ. ಕಳ್ಳ ಸಿಗಲಿಲ್ಲವಲ್ಲ ಎಂಬ ನಿರಾಶೆ, ಇದಿನಬ್ಬಣ್ಣ. ಪಿನ್ ಎಳೆದದ್ದನ್ನು ಬರೆಯುವುದಕ್ಕಿಂತ ಇದನ್ನು ಬರೆಯುವುದು ಕಷ್ಟ.

ಮೊಳೆಯನ್ನು ಮರಳಿ ತಳ್ಳಿದೆ. ಒಳಗೆ ಜರುಗಿದ್ದರಿಂದ ಆ ಕಡೆಯ ತೂತಿಗೆ ಅದು ಸೇರಲಿಲ್ಲ, ಅರ್ಧಕ್ಕೆ ನಿಂತಿತು. ಇನ್ನಷ್ಟು ಒತ್ತಲು ಹೆದರಿದೆ. ನಿಂತಿದೆಯಲ್ಲ, ಸಾಕು ಎಂದುಕೊಂಡೆ. ಕೆಂಪು ಬಟ್ಟೆಯನ್ನು ಮತ್ತೆ ಕಟ್ಟಿದೆ. ನಿಮ್ಮ ಗಂಟು ನನಗೆ ಬಾರದು. ನನಗೆ ಬರುವುದು ಕೊಯ್ಲಿನಲ್ಲಿ ಹಣ್ಣು ತುಂಬಿದ ಚೀಲದ ಬಾಯಿ ಕಟ್ಟುವ ಗಂಟು — ಎಳೆದಷ್ಟೂ ಬಿಗಿಯುವುದು, ದಾರಿಯಲ್ಲಿ ಯಾರೂ ಸುಲಭಕ್ಕೆ ಬಿಚ್ಚಬಾರದು ಎಂದೇ ಕಲಿತದ್ದು. ಬೆರಳುಗಳು ತಾವಾಗಿಯೇ ಅದನ್ನು ಹಾಕಿದವು.

ನೀವು ಬಂದಿರಿ. ಮೂರು ಮಾತು ಸಾಕಿತ್ತು: ನಾನು ಮುಟ್ಟಿದೆ, ನೋಡಿ. ಬಾಯಿಗೆ ಬಂದದ್ದು "ಕಾಫಿ ಕುಡೀತೀರ?"

"ಕೆಲ್ಸ ಮುಗ್ಸಿ ಕುಡೀತೀನಮ್ಮ" ಎಂದಿರಿ. ಕೆಂಪು ಬಟ್ಟೆ ಇದ್ದಲ್ಲೇ ಇತ್ತು, ಹಾಗಾಗಿ ನೀವು ಮೊಳೆಯನ್ನು ನೋಡಲಿಲ್ಲ. ಒಮ್ಮೆ ಮಾಡಿದ ಕೆಲಸವನ್ನು ಎರಡನೆಯ ಸಲ ನೋಡುವ ಅಭ್ಯಾಸವೇ ನಿಮಗಿರಲಿಲ್ಲ, ಅದರ ಅಗತ್ಯ ಯಾವತ್ತೂ ಬಿದ್ದಿರಲಿಲ್ಲ. ಬಟ್ಟೆಯ ತುದಿ ಹಿಡಿದು ಎಳೆದಿರಿ. ಬಿಚ್ಚಲಿಲ್ಲ. ಜೋರಾಗಿ ಎಳೆದಿರಿ. ನನ್ನ ಗಂಟು ಬಿಗಿಯಿತು, ಬಟ್ಟೆಯ ಜೊತೆಗೇ ಮೊಳೆಯೂ ಕಿತ್ತು ಬಂತು. ಮುಚ್ಚಳ ಗಿರ್ರನೆ ತಿರುಗಿ ಅದರ ಕಬ್ಬಿಣದ ಅಂಚು ನಿಮ್ಮ ಬಲಗೈಗೆ ಬಡಿಯಿತು. ಕೈಯನ್ನು ಎದೆಗೆ ಒತ್ತಿಕೊಂಡು ಹುಲ್ಲಿನ ಮೇಲೆ ಕೂತುಬಿಟ್ಟಿರಿ.

ತೋಟದಿಂದ ಮನೆಯವರು ಓಡಿಬಂದರು. "ಏನಾಯ್ತು ಮಾರಾಯ್ರೆ?" ಅವರು ಕೇಳಿದ್ದು ನಿಮ್ಮನ್ನು. ಉತ್ತರ ಕೊಟ್ಟವಳು ನಾನು.

"ಪಿನ್ ಸರಿಯಾಗಿ ಹಾಕಿರ್ಲಿಲ್ವೇನೋ, ಪಾಪ. ನಮಾಜಿಗೆ ಹೊತ್ತಾಯ್ತು ಅಂತ ಅವಸರದಲ್ಲಿದ್ರು."

ಆ "ಪಾಪ" — ಅದನ್ನೂ ಸೇರಿಸಿದೆ. ನೀವು ತಲೆಯೆತ್ತಿ ನನ್ನನ್ನು ನೋಡಿದಿರಿ. ಆಮೇಲೆ ನಿಮ್ಮ ಕೈಯನ್ನು.

"ಇರ್ಬೋದಮ್ಮ. ಹಾಕಿದ್ದೆ ಅಂತ್ಲೇ ಅನ್ಕೊಂಡಿದ್ದೆ."

ಮನೆಯವರು ನಿಮ್ಮನ್ನು ಜೀಪಿನಲ್ಲಿ ಮೂಡಿಗೆರೆಗೆ ಕರೆದುಕೊಂಡು ಹೋದ ಮೇಲೆ, ಹುಲ್ಲಿನಲ್ಲಿ ಬಿದ್ದಿದ್ದ ಮೊಳೆಯನ್ನೂ ಬಟ್ಟೆಯನ್ನೂ ಹೆಕ್ಕಿ ಹೊಲಿಗೆಯ ಡಬ್ಬಿಯ ತಳದಲ್ಲಿಟ್ಟೆ. ಎರಡು ಬೆರಳು ಮುರಿದಿವೆ ಎಂಬ ಸುದ್ದಿ ಬರುವ ಮೊದಲೇ ಸಾಕ್ಷಿ ಬಚ್ಚಿಟ್ಟಾಗಿತ್ತು.

ಆಮೇಲೆ ಹತ್ತಿದ್ದು ಬೇರೆ ಅನುಮಾನ. ನಿಮಗೆ ಗೊತ್ತಿದೆಯೇ? ಗಂಟು ಬಿಚ್ಚದಿದ್ದಾಗ ನಿಮ್ಮ ಕೈಗೆ ಗೊತ್ತಾಗಿರಬೇಕಲ್ಲ? ಸಂತೆಯಲ್ಲಿ ಸಿಕ್ಕಾಗ ನೀವು ನಕ್ಕರೆ, ಗೊತ್ತಿದ್ದೇ ನಕ್ಕಿರಿ ಎನಿಸುತ್ತಿತ್ತು. ನಗದಿದ್ದರೆ, ಗೊತ್ತಿದ್ದೇ ನಗಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರಾದರೂ ನಿಮ್ಮ ಹೆಸರೆತ್ತಿದರೆ ಸಾಕು, ಯಾರೂ ಕೇಳದಿದ್ದರೂ "ಪಾಪ, ವಯಸ್ಸಾಯ್ತು, ಮರೆವು" ಎನ್ನುತ್ತಿದ್ದೆ. ನೀವು ಶಟರ್ ಕೆಲಸ ಬಿಟ್ಟಿರಿ ಎಂದು ಕೇಳಿದಾಗ, ಕೈ ನೋವಿರಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಿತ್ತು.

ಚಪ್ಪರವನ್ನು ಚಿಕ್ಕಮಗಳೂರಿನಿಂದ ಬಂದ ಇನ್ನೊಬ್ಬರು ಜೋಡಿಸಿದರು. ಆ ದಿನದಿಂದ ನಾನು ಎರಡೂ ಕಾಲು ಸಮ ಮಾಡಿಯೇ ಮುಚ್ಚುತ್ತೇನೆ. ಒಮ್ಮೆಯೂ ಓರೆಯಾಗಿಲ್ಲ. "ಈ ಮಾರಾಯ ಬಂದ್ಮೇಲೆ ಸರಿಯಾಯ್ತು ನೋಡು" ಎಂದರು ಮನೆಯವರು. ನಾನು ಹೂಂ ಎಂದೆ. ನೀವು ಪ್ರತಿ ಸಲವೂ ಸರಿಯಾಗಿ ಮಾಡಿದ ಕೆಲಸದ ಹೆಸರನ್ನೂ ಹೀಗೆ ಇನ್ನೊಬ್ಬರಿಗೆ ಕೊಟ್ಟೆ.

ಇದೆಲ್ಲ ಹೀಗೆಯೇ ನನ್ನ ಜೊತೆ ಹೋಗುತ್ತಿತ್ತೋ ಏನೋ. ಕಳೆದ ತಿಂಗಳು ಕೊಟ್ಟಿಗೆಹಾರದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಎದುರಿಗೇ ನಿಮ್ಮ ಈಗಿನ ಕೊಡೆ, ಚಪ್ಪಲಿ ಅಂಗಡಿ. ಊಟಕ್ಕೆಂದು ಬಾಗಿಲು ಹಾಕುತ್ತಿದ್ದಿರಿ. ಶಟರ್ ಎಳೆದು, ಬೀಗ ಹಾಕಿ, ನಾಲ್ಕು ಹೆಜ್ಜೆ ಹೋದಿರಿ. ತಿರುಗಿ ಬಂದು ಬೀಗ ಎಳೆದು ನೋಡಿದಿರಿ. ಮತ್ತೆ ಹೋದಿರಿ. ಮತ್ತೆ ಬಂದಿರಿ. ಮೂರನೆಯ ಸಲ ಬಂದಾಗ ನನ್ನನ್ನು ಕಂಡು ನಾಚಿದಿರಿ.

"ಚೆನ್ನಾಗಿದ್ದೀರ ಅಮ್ಮ? ಬೀಗ ಬಿದ್ದಿದ್ಯಾ, ಒಂಚೂರು ನೀವೂ ನೋಡಿ. ಆವತ್ತು ನಿಮ್ಮಲ್ಲಿ ಪಿನ್ ಮರೆತ್ನಲ್ಲ, ಅಲ್ಲಿಂದ ಈಚೆ ನನ್ನ ಕೈ ಮೇಲೆ ನಂಗೇ ನಂಬಿಕೆ ಇಲ್ಲ."

ನಿಮಗೆ ಗೊತ್ತಿರಲಿಲ್ಲ. ಆರು ವರ್ಷ ನಾನು ನಿಮ್ಮ ನಗೆಯಲ್ಲಿ ಹುಡುಕಿದ್ದು ಅಲ್ಲಿ ಇರಲೇ ಇಲ್ಲ. ನಾನು ಬೀಗ ಎಳೆದು ನೋಡಿ "ಬಿದ್ದಿದೆ" ಎಂದೆ. ನಿಮ್ಮ ಕೈಯನ್ನು ನಂಬದ ನೀವು ನನ್ನ ಕೈಯನ್ನು ನಂಬಿ ಊಟಕ್ಕೆ ಹೋದಿರಿ. ಬಸ್ಸು ಬಂತು, ನಾನು ಹತ್ತಲಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತೆ.

ಬೆರಳು ಮುರಿದದ್ದು ಸ್ಪ್ರಿಂಗ್ ಎಂದಾದರೂ ಹೇಳಿಕೊಳ್ಳಬಹುದಿತ್ತು. ಇದನ್ನು ಮಾಡಿದ್ದು ನನ್ನ ಬಾಯಿ. ಜೀವಮಾನವೆಲ್ಲ ಊರಿನವರ ಮೇಲೆ ಪಟ್ಟ ಅನುಮಾನವನ್ನು, ಅದರ ಗಂಧವೇ ಇಲ್ಲದ ನಿಮ್ಮೊಳಗೆ ತಂದಿಟ್ಟು, ನಾನು ಹಾಯಾಗಿ ಮನೆಗೆ ಹೋದೆ. ಅದಕ್ಕೆ —

ಏನೂ ಸಮಜಾಯಿಷಿ ಇಲ್ಲ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಮನೆಯವರಿಗೆ ನಿನ್ನೆ ಹೇಳಿದೆ. ಅವರು, "ಜೀಪಲ್ಲಿ ಕರ್ಕೊಂಡು ಹೋಗ್ತೀನಿ. ಮಾತಾಡೋಳು ಮಾತ್ರ ನೀನೇ" ಎಂದರು. ಈ ಶುಕ್ರವಾರ, ನಮಾಜು ಮುಗಿಸಿ ನೀವು ಅಂಗಡಿ ತೆರೆಯುವ ಹೊತ್ತಿಗೆ ಬರುತ್ತೇನೆ. ಅಕ್ಕಪಕ್ಕದ ಅಂಗಡಿಯವರಿದ್ದರೆ ಅವರ ಎದುರಿಗೇ ಓದುತ್ತೇನೆ, ನೀವು ಮರೆತಿರಿ ಎಂಬುದು ಅವರಿಗೂ ಗೊತ್ತಿರುವ ಕಥೆಯಲ್ಲವೆ. ಕ್ಷಮಿಸಬೇಕೋ ಬೇಡವೋ ನಿಮಗೆ ಬಿಟ್ಟದ್ದು. ಅದನ್ನು ಕೇಳಲು ಬರುತ್ತಿಲ್ಲ.

ಮೊಳೆಯನ್ನೂ ಬಟ್ಟೆಯನ್ನೂ ತರುತ್ತೇನೆ. ಗಂಟು ಇನ್ನೂ ಹಾಗೆಯೇ ಇದೆ. ಕೈಯಲ್ಲಿ ಹಿಡಿದು ಎಳೆದು ನೋಡಿ, ಬಿಚ್ಚುವುದಿಲ್ಲ. ಅದು ನಿಮ್ಮ ಗಂಟಲ್ಲ.

ಪಿನ್ ನೀವು ಹಾಕಿದ್ದಿರಿ, ಇದಿನಬ್ಬಣ್ಣ. ಸರಿಯಾಗಿಯೇ ಹಾಕಿದ್ದಿರಿ.