ಮೂರು ಕಿಲೋ ಟ್ರಕ್ಕಿನೊಂದಿಗೆ ಭದ್ರಾವತಿಗೆ

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ರಹಮತ್ ಭಾಯ್ ಕೇಳಿದ ಮೊದಲ ಪ್ರಶ್ನೆ, "ಟೀಚರ್, ಡಬ್ಬಿ ಎತ್ಲಾ?" ಎತ್ತಿ ಎಂದೆ. ಬಸ್ಸಿನ ಮೆಟ್ಟಿಲ ಬಳಿ ನಿಂತು, "ಒಳಗೆ ಇಡ್ಲಾ?" ಎಂದರು. ಇಡಿ ಎಂದೆ. "ಕಿಟಕಿ ಕಡೆ ಇಡ್ಲಾ, ಈ ಕಡೆ ಇಡ್ಲಾ?" ನನಗೆ ತಲೆ ಕೆಟ್ಟುಹೋಯಿತು. ಭದ್ರಾವತಿ ಇಲ್ಲಿಂದ ಹದಿನೆಂಟು ಕಿಲೋಮೀಟರ್. ಈ ವಿನಯವನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋದರೆ ಅದು ಕಾಶಿಯಷ್ಟು ದೂರವಾಗುತ್ತದೆ ಎಂದು ಅಲ್ಲೇ ಗೊತ್ತಾಯಿತು.

ಡಬ್ಬಿಯಲ್ಲಿದ್ದದ್ದು ರಿಮೋಟಿನಲ್ಲಿ ಓಡುವ ಟ್ರಕ್ಕು. ಯಾರಾದರೂ ಅದನ್ನು ಆಟದ ಸಾಮಾನು ಎಂದರೆ ನನಗೆ ಸಿಟ್ಟು ಬರುತ್ತದೆ. ಮೊಳದುದ್ದ, ಮೂರು ಕಿಲೋ ತೂಕ. ಕಲ್ಲುಮಣ್ಣಿನ ಮೇಲೆ ರೇಸ್ ಓಡಲೆಂದೇ ಬಿಡಿ ಭಾಗಗಳನ್ನು ಜೋಡಿಸಿ ಕಟ್ಟಿದ್ದು. ನಾನು ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುವವಳು, ಮನೆ ಹೊಸಮನೆಯಲ್ಲಿ. ನನಗೇಕೆ ಈ ಹುಚ್ಚು ಎಂದು ಕೇಳಬೇಡಿ, ಕೇಳಿದವರಿಗೆಲ್ಲ ಹೇಳಿ ಸಾಕಾಗಿದೆ. ರಹಮತ್ ಭಾಯ್ ಲಾರಿ ಮೆಕ್ಯಾನಿಕ್, ವಿದ್ಯಾನಗರದಲ್ಲಿ ಅವರ ಗ್ಯಾರೇಜು. ಒಂದು ಸಣ್ಣ ಬೋಲ್ಟು ಹುಡುಕಿಕೊಂಡು ಅಲ್ಲಿಗೆ ಹೋಗಿದ್ದೇ ನೆಪ, ಎಂಟು ತಿಂಗಳು ಇಬ್ಬರೂ ಸೇರಿ ಇದನ್ನು ಕಟ್ಟಿದೆವು. ಯಾವ ಸ್ಪ್ರಿಂಗಿಗೆ ಎಷ್ಟು ಸುತ್ತು, ಶಾಕ್ ಅಬ್ಸಾರ್ಬರಿಗೆ ಯಾವ ಎಣ್ಣೆ ಎಂದು ನಾನು ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಅವರು ಅಂಗೈಯಲ್ಲಿ ಒತ್ತಿ ನೋಡಿ "ಹಾಂ, ಸರಿ ಇದೆ" ಎನ್ನುತ್ತಿದ್ದರು. ಹೀಗೆ ಮೂರು ರೇಸುಗಳಿಗೆ ಹೋದೆವು. ಮೂರರಲ್ಲೂ ಟ್ರಕ್ಕು ಅರ್ಧಕ್ಕೇ ಕೆಟ್ಟು ನಿಂತಿತು.

ಮೂರನೆಯ ಸಲದ ತಪ್ಪು ಪೂರ್ತಿ ಅವರದು. ಈ ಟ್ರಕ್ಕಿನ ಕ್ಲಚ್ಚು ಸ್ವಲ್ಪ ಜಾರಲೇಬೇಕು. ಜಾರದಿದ್ದರೆ, ಗಾಡಿ ಎಗರಿ ನೆಲಕ್ಕೆ ಬಿದ್ದಾಗ ಅದರ ಪೆಟ್ಟೆಲ್ಲ ಗೇರಿನ ಹಲ್ಲಿಗೆ ಬೀಳುತ್ತದೆ. ಆದರೆ ಲಾರಿಯಲ್ಲಿ ಕ್ಲಚ್ಚು ಜಾರುವುದೆಂದರೆ ಕಾಯಿಲೆ. ಮೂವತ್ತು ವರ್ಷ ಆ ಕಾಯಿಲೆ ವಾಸಿ ಮಾಡಿದ ಕೈ ಸುಮ್ಮನಿರುತ್ತದೆಯೇ? ರೇಸು ಶುರುವಾಗುವ ಐದು ನಿಮಿಷ ಮೊದಲು, ನನಗೊಂದು ಮಾತು ಹೇಳದೆ, ನಟ್ಟನ್ನು ಗಟ್ಟಿಯಾಗಿ ಬಿಗಿದಿಟ್ಟಿದ್ದರು. ಎರಡನೆಯ ಸುತ್ತಿನಲ್ಲೇ ಗೇರಿನ ಹಲ್ಲೆಲ್ಲ ಉದುರಿತು. ಹತ್ತು ಜನರ ಎದುರು ನಾನು ಹೇಳಿಬಿಟ್ಟೆ: "ಇದು ಲಾರಿ ಅಲ್ಲ. ಇನ್ಮೇಲೆ ನನ್ನ ಗಾಡಿಯ ಒಂದು ಸ್ಕ್ರೂನೂ ನನ್ನ ಕೇಳ್ದೆ ಮುಟ್ಟಬೇಡಿ." ಅಲ್ಲಿಯವರೆಗೆ ಅದು ನಮ್ಮ ಗಾಡಿಯಾಗಿತ್ತು.

ಅಂದಿನಿಂದ ಅವರು ಎಲ್ಲವನ್ನೂ ಕೇಳುತ್ತಿದ್ದಾರೆ. ಭದ್ರಾವತಿಗೆ ಕರೆದಾಗ, "ಮಾತು ಕೊಟ್ಟಿದ್ದೆ, ಅದಕ್ಕೆ ಇದೊಂದು ಸಲ ಬರ್ತೀನಿ ಟೀಚರ್. ಆಮೇಲೆ ನಿಮ್ಮ ಗಾಡಿ ನೀವೇ ನೋಡ್ಕೊಳ್ಳಿ" ಎಂದಿದ್ದರು. ಹಾಗೆಂದವರು, ಭದ್ರಾವತಿಯ ದಾರಿಯಲ್ಲೇ ಇರುವ ವಿದ್ಯಾನಗರದಲ್ಲಿ ಬಸ್ಸು ಹತ್ತುವುದು ಬಿಟ್ಟು, ಡಬ್ಬಿ ಹೊರಲೆಂದು ಬಸ್ ಸ್ಟ್ಯಾಂಡಿನವರೆಗೆ ಬಂದಿದ್ದರು. ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಕಷ್ಟ, ಮಾಡಿಕೊಳ್ಳದೆ ಇರುವುದೂ ಕಷ್ಟ.

ಕಂಡಕ್ಟರ್ ನನ್ನ ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟ. ರಹಮತ್ ಭಾಯ್‌ಗೆ ಇಪ್ಪತ್ತೆಂಟು ರೂಪಾಯಿ. ಆಮೇಲೆ ಅವನ ಕಣ್ಣು ಡಬ್ಬಿಯ ಮೇಲೆ ಬಿತ್ತು.

"ಏನಿದೆ ಇದ್ರೊಳಗೆ?"

"ಟ್ರಕ್ಕು" ಎಂದೆ.

"ಲಗೇಜ್ ಆಗುತ್ತೆ."

"ತೊಡೆ ಮೇಲೆ ಇಟ್ಕೋತೀನಪ್ಪ."

"ಹೆಂಗಸ್ರಿಗೆ ಫ್ರೀ ಮಾರಾಯ್ರೆ, ಟ್ರಕ್ಕಿಗಲ್ಲ!"

ಸುತ್ತಲಿದ್ದವರೆಲ್ಲ ನಕ್ಕರು. ರಹಮತ್ ಭಾಯ್ ಮಾತ್ರ ನಗದೆ, "ಲಗೇಜ್ ದುಡ್ಡು ನಾನು ಕೊಡ್ಲಾ ಟೀಚರ್?" ಎಂದರು. ನಾನು ಹದಿನೈದು ರೂಪಾಯಿ ಎಣಿಸಿ ಕೊಟ್ಟು ಕಿಟಕಿಯ ಕಡೆ ತಿರುಗಿ ಕುಳಿತೆ.

ತುಂಗಾ ಸೇತುವೆ ದಾಟಿ, ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿ ಎಂದು ಬಸ್ಸು ಕೈ ತೋರಿಸಿದ ಕಡೆಯೆಲ್ಲ ನಿಂತಿತು. ಎಂಟು ಗಂಟೆಗೇ ಬಿಸಿಲು ಚುರುಗುಟ್ಟುತ್ತಿತ್ತು. ಒಂದೊಂದು ಹಂಪಿನಲ್ಲೂ ಸೊಂಟ ಮುರಿಯುವಂತೆ ಎತ್ತಿ ಹಾಕಿದಾಗ ರಹಮತ್ ಭಾಯ್ ಹಿಂದಿನ ಚಕ್ರದ ಸದ್ದಿಗೆ ಕಿವಿಗೊಟ್ಟು, "ಕಮಾನು ಪಟ್ಟೆ ಹೋಗಿದೆ" ಎಂದು ತಮ್ಮಷ್ಟಕ್ಕೆ ಗೊಣಗಿಕೊಂಡರು. ಆ ದಿನ ಬೆಳಗಿನಿಂದ ಅವರು ಅಪ್ಪಣೆ ಕೇಳದೆ ಆಡಿದ ಮೊದಲ ಮಾತು ಅದು, ಅದೂ ಯಾರದೋ ಬಸ್ಸಿನ ಬಗ್ಗೆ.

ಭದ್ರಾವತಿಯಲ್ಲಿ ಇಳಿದು ಆಟೊ ಹಿಡಿದು, ಕಾರ್ಖಾನೆಯ ಹಳೆಯ ಕ್ವಾರ್ಟರ್ಸುಗಳ ಹಿಂದಿನ ಬಯಲಿಗೆ ಹೋದೆವು. ರೇಸು ನಡೆಸುವವರು ಮುರುಗೇಶಣ್ಣ, ಕಾರ್ಖಾನೆಯಿಂದ ನಿವೃತ್ತರಾದ ಫಿಟ್ಟರ್. ಅವರು ಕೈಮುಗಿದು ಸ್ವಾಗತಿಸುವ ಮೊದಲೇ ನನ್ನ ಮೂಗಿಗೆ ಸಗಣಿಯ ವಾಸನೆ ಬಡಿಯಿತು. ಬಯಲಿನಲ್ಲಿ ಮಾಡಿದ್ದ ರೇಸಿನ ದಾರಿ ಪೂರ್ತಿ ಹಸಿರುಗಪ್ಪಾಗಿ, ನುಣ್ಣಗೆ ಹೊಳೆಯುತ್ತಿತ್ತು.

"ಹೋದ್ಸಲ ಧೂಳು, ಧೂಳು ಅಂತ ಎಲ್ಲಾರೂ ಬೈದ್ರಲ್ಲಮ್ಮಾ" ಎಂದರು ಮುರುಗೇಶಣ್ಣ, ಮುಖವರಳಿಸಿ. "ಮೂರು ದಿವ್ಸ ನೀರು ಹೊಡ್ದು, ರೋಲರ್ ಎಳ್ದು, ನಮ್ಮ ಮನೆಯೋರೂ ನಾನೂ ಎರಡು ಸಲ ಸಗಣಿ ಸಾರಿಸಿದೀವಿ. ಕಣ ಆಗೋಗಿದೆ ನೋಡಿ! ಭತ್ತ ಬಡೀಬಹುದು!"

ಭತ್ತ ಬಡಿಯಲು ಬಂದಿದ್ದರೆ ನಾನೂ ಹೊಗಳುತ್ತಿದ್ದೆ. ಆದರೆ ನಾನು ಹೊಸಮನೆಯ ಖಾಲಿ ಸೈಟಿನಲ್ಲಿ ಒಂದು ತಿಂಗಳು, ಸಂಜೆ ಸಂಜೆ ಧೂಳು ಕುಡಿದು, ಗಾಡಿಯನ್ನು ಧೂಳಿಗೆಂದೇ ಹದ ಮಾಡಿದ್ದೆ. ಸ್ಪ್ರಿಂಗು ಮೆತ್ತಗೆ, ಗಾಡಿ ಎತ್ತರ, ಸಡಿಲ ಮಣ್ಣನ್ನು ಕಚ್ಚಿ ಹಿಡಿಯಲು ಉದ್ದುದ್ದ ಮುಳ್ಳಿನ ಟಯರುಗಳು. ಸಾರಿಸಿ ಒಣಗಿದ ನೆಲ ಆ ಮುಳ್ಳುಗಳನ್ನು ಬಿಡುವುದೇ ಇಲ್ಲ. ಅಭ್ಯಾಸಕ್ಕೆಂದು ಐದು ತಿರುವು ಓಡಿಸಿದೆ, ಐದರಲ್ಲೂ ಗಾಡಿ ಪಕ್ಕಕ್ಕೆ ಉರುಳಿ ಹೊಟ್ಟೆ ಮೇಲೆ ಮಾಡಿ ಬಿತ್ತು. ರೇಸು ಹತ್ತು ನಿಮಿಷ, ಮೂರು ಸಲ ಮಗುಚಿದವರು ಹೊರಗೆ.

ರೇಸಿಗೆ ಮುಕ್ಕಾಲು ಗಂಟೆ ಇತ್ತು. ನನ್ನ ಪುಸ್ತಕದ ಅಷ್ಟೂ ಪುಟ ತಿರುವಿದೆ. ಕಲ್ಲುಮಣ್ಣಿಗೆ, ಮರಳಿಗೆ, ಒದ್ದೆ ನೆಲಕ್ಕೆ ಎಲ್ಲಕ್ಕೂ ಲೆಕ್ಕ ಇತ್ತು, ಸಗಣಿಗೆ ಇರಲಿಲ್ಲ. ಶಾಕಿನ ಎಣ್ಣೆ ಬದಲಾಯಿಸಿದೆ. ಆರನೆಯ ಸಲ ಉರುಳಿತು. ಶಂಕರಘಟ್ಟದ ಯೂನಿವರ್ಸಿಟಿಯಿಂದ ಬಂದಿದ್ದ ಇಬ್ಬರು ತಮ್ಮ ಹೊಳೆಯುವ ಗಾಡಿಗಳನ್ನು ಬದಿಗಿಟ್ಟು ನನ್ನನ್ನೇ ನೋಡುತ್ತಿದ್ದರು. ರಹಮತ್ ಭಾಯ್ ಕಟ್ಟೆಯ ಮೇಲೆ ಕುಳಿತು ಮಂಡಕ್ಕಿ ತಿನ್ನುತ್ತಿದ್ದರು. "ಟೀಚರ್, ನೀರು ಕುಡೀಲಾ?" ಎಂದು ಕೇಳಿದಾಗ ಕೈಯಲ್ಲಿದ್ದ ಸ್ಪ್ಯಾನರನ್ನು ಅವರತ್ತ ಎಸೆಯಬೇಕೆನಿಸಿತು.

ಎಸೆಯಲಿಲ್ಲ. ಹೋಗಿ ಎದುರಿಗೆ ನಿಂತೆ. "ಯಾಕೆ ಬೀಳ್ತಾ ಇದೆ, ಹೇಳಿ."

"ಹೇಳ್ಲಾ?"

"ಹೇಳಿ ಮಾರಾಯ್ರೆ!"

"ಹುಲ್ಲಿನ ಲೋಡು ಲಾರಿ ತಿರುವಲ್ಲಿ ಯಾಕೆ ಮಗುಚುತ್ತೆ ಟೀಚರ್? ಕೆಳಗೆ ಟಯರು ಹಿಡ್ದು ನಿಲ್ಲುತ್ತೆ, ಮೇಲಿನ ಭಾರ ನಿಲ್ಲಲ್ಲ. ಅಷ್ಟೇ."

"ಹಾಗಾದ್ರೆ ಏನು ಮಾಡೋದು?"

ಅವರು ಮಂಡಕ್ಕಿಯ ಪೊಟ್ಟಣ ಮಡಿಸಿದರು. "ಗಾಡಿ ನಿಮ್ದು" ಎಂದರು.

ಆ ಮಾತಿನಲ್ಲಿ ಕುಚೋದ್ಯ ಇರಲಿಲ್ಲ. ಅದೇ ನನಗೆ ಚುಚ್ಚಿತು. ಒಂದು ತಿಂಗಳಿನಿಂದ ಅವರು ನನ್ನನ್ನು ಗೋಳು ಹೊಯ್ದುಕೊಳ್ಳುತ್ತಿದ್ದಾರೆ ಎಂದೇ ತಿಳಿದಿದ್ದೆ. ಅವರಿಗೆ ನೋವಾಗಿತ್ತು. ಅದು ನನಗೆ ಗೊತ್ತಿತ್ತು, ಗೊತ್ತಿಲ್ಲದವಳಂತೆ ಇದ್ದೆ.

"ರಹಮತ್ ಭಾಯ್, ಅವತ್ತು ನಾನು ಹಾಗೆ ಅನ್ನಬಾರದಾಗಿತ್ತು. ನಟ್ಟು ಬಿಗಿದದ್ದು ನಿಮ್ಮ ತಪ್ಪೇ. ಆದ್ರೆ ನನ್ನ ಗಾಡಿ ಅಂದದ್ದು ನನ್ನ ತಪ್ಪು. ಇನ್ನು ಕೇಳ್ಬೇಡಿ, ಮಾಡಿ."

"ಎಲ್ಲಾ ನೋಡ್ತಿದ್ದಾರೆ ಟೀಚರ್" ಎಂದರು ಮೆಲ್ಲಗೆ.

"ನೋಡ್ಲಿ. ಅವತ್ತೂ ನೋಡ್ತಿದ್ರು."

ಅವರು ಎದ್ದು ಬಂದರು. ಬ್ಯಾಟರಿಯನ್ನು ಮೇಲಿನ ತಟ್ಟೆಯಿಂದ ಬಿಚ್ಚಿ, ಗಾಡಿಯ ತಳಕ್ಕಿಳಿಸಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದರು. ಸ್ಪ್ರಿಂಗುಗಳನ್ನು ಗಟ್ಟಿ ಮಾಡಿ ಗಾಡಿಯನ್ನು ನೆಲಕ್ಕೆ ತಗ್ಗಿಸಿದರು. ಎಷ್ಟು ಸುತ್ತು ಎಂದು ಬರೆದುಕೊಳ್ಳಲು ಹೋದರೆ, "ಸಾಕಾಗೋವಷ್ಟು" ಎಂದರು. ಆಮೇಲೆ ಜೇಬಿನಿಂದ ಕಟಿಂಗ್ ಪ್ಲೇಯರ್ ತೆಗೆದು, ನಾನು ಆರು ವಾರ ಕಾದು ತರಿಸಿಕೊಂಡ ಹೊಸ ಟಯರಿನ ಹೊರಸಾಲಿನ ಮುಳ್ಳುಗಳನ್ನು ಪಟಪಟನೆ ಕತ್ತರಿಸತೊಡಗಿದರು.

"ಅಯ್ಯೋ, ಏನು ಮಾಡ್ತಿದ್ದೀರಿ!"

"ಅರೆ, ಕೇಳ್ಬೇಡಿ ಅಂದ್ರಲ್ಲ?"

ನಾನು ಕಣ್ಣು ಮುಚ್ಚಿಕೊಂಡೆ. ನಾಲ್ಕೂ ಟಯರು ಮುಗಿಯುವವರೆಗೆ ಆ ಸದ್ದು ಕೇಳುತ್ತಲೇ ಇತ್ತು.

ಹನ್ನೊಂದು ಗಂಟೆಗೆ ಆರು ಗಾಡಿಗಳು ಹೊರಟವು. ಮೊದಲ ತಿರುವಿನಲ್ಲಿ ನಮ್ಮದು ಬಾಲ ಆಡಿಸಿ ಜಾರಿತು, ಆದರೆ ಬೀಳಲಿಲ್ಲ. ನಾಲ್ಕನೆಯ ನಿಮಿಷದಲ್ಲಿ ಒಮ್ಮೆ, ಏಳನೆಯದರಲ್ಲಿ ಇನ್ನೊಮ್ಮೆ ಮಗುಚಿತು. ಇನ್ನೊಂದು ಸಲ ಬಿದ್ದರೆ ಮುಗಿಯಿತು. "ನಿಧಾನ, ಟೀಚರ್. ತಿರುವಲ್ಲಿ ಎಕ್ಸಲೇಟರ್ ಬಿಡಿ. ಈಗ ಕೊಡಿ. ಬಿಡಿ" ಎಂದು ರಹಮತ್ ಭಾಯ್ ಕಿವಿಯ ಹತ್ತಿರ ಹೇಳುತ್ತಲೇ ಇದ್ದರು. ಶಂಕರಘಟ್ಟದವರ ಎರಡೂ ಗಾಡಿಗಳು ಮೂರು ಮೂರು ಸಲ ಉರುಳಿ ಹೊರಗೆ ಬಂದವು. ಮುರುಗೇಶಣ್ಣ ಸೀಟಿ ಊದಿದಾಗ ನಮ್ಮದು ನಾಲ್ಕನೆಯದು, ಅಂದರೆ ಮುಗಿಸಿದವರಲ್ಲಿ ಕೊನೆಯದು. ನಾನು ಕೂಗಿದ ಕೂಗಿಗೆ ಗೆದ್ದವರೇ ಗಾಬರಿಯಾಗಿ ತಿರುಗಿ ನೋಡಿದರು.

ಮುರುಗೇಶಣ್ಣನ ಮನೆಯಲ್ಲಿ ಅನ್ನ, ಹುಳಿ, ಹಪ್ಪಳ. ಮೂರು ಗಂಟೆಯ ಬಸ್ಸು ಹತ್ತಿದೆವು. ಈ ಕಂಡಕ್ಟರ್ ಡಬ್ಬಿಯತ್ತ ನೋಡಲೂ ಇಲ್ಲ. ಅದನ್ನು ತೊಡೆಯ ಮೇಲಿಟ್ಟುಕೊಂಡು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ: ನಾಲ್ಕು ರೇಸುಗಳಲ್ಲಿ ಮೊದಲ ಸಲ ಓಟ ಮುಗಿಸಿದೆ, ಇನ್ನು ಇದರ ಒಂದು ಸ್ಕ್ರೂ ಕೂಡ ಅಲ್ಲಾಡಿಸಬಾರದು, ರಾತ್ರಿಯೇ ಕೂತು ಎಲ್ಲದರ ಅಳತೆ ತೆಗೆದು ಬರೆದಿಡಬೇಕು.

ವಿದ್ಯಾನಗರದ ಸ್ಟಾಪ್ ಬಂತು. ರಹಮತ್ ಭಾಯ್ ಎದ್ದರು, ನನ್ನ ತೊಡೆಯ ಮೇಲಿನ ಡಬ್ಬಿಯನ್ನು ಎತ್ತಿಕೊಂಡರು, ಇಳಿದೇಬಿಟ್ಟರು.

"ಎಲ್ಲಿಗೆ ತಗೊಂಡು ಹೋಗ್ತಿದ್ದೀರಿ?" ಎಂದು ಕಿಟಕಿಯಿಂದ ಕೂಗಿದೆ.

"ಹಿಂದಿನ ಎಡಗಡೆ ಶಾಕು ಇನ್ನೂ ಮೆತ್ತಗಿದೆ. ಬಿಚ್ತೀನಿ. ನಾಳೆ ಶಾಲೆ ಬಿಟ್ಮೇಲೆ ಬನ್ನಿ."

ಬಿಚ್ಚಬೇಡಿ, ದಮ್ಮಯ್ಯ, ಅದು ಹಾಗೇ ಇರಲಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಅಳು ಬಂತೋ ನಗು ಬಂತೋ, ನನಗೇ ತಿಳಿಯಲಿಲ್ಲ. ಬಸ್ಸು ಹೊರಟಿತು. ತಿರುಗಿ ನೋಡಿದರೆ, ಅವರು ಗ್ಯಾರೇಜಿನವರೆಗೂ ಹೋಗುವ ತಾಳ್ಮೆಯಿಲ್ಲದೆ, ರಸ್ತೆ ಬದಿಯ ಮೋರಿಕಟ್ಟೆಯ ಮೇಲೆ ಡಬ್ಬಿಯಿಟ್ಟು ಆಗಲೇ ಸ್ಕ್ರೂ ಬಿಚ್ಚುತ್ತಿದ್ದರು.