ಮೊದಲು ರೊಟ್ಟಿ, ಆಮೇಲೆ ಇಂಡಕ್ಷನ್ ಒಲೆ

ಬೆಳಗಿನ ಆರು ಗಂಟೆ. ಬೇವೂರಿನ ಕಸ್ತೂರೆಮ್ಮನವರ ಅಡುಗೆಮನೆಯಲ್ಲಿ ಅಮರಪ್ಪ ಪಾತ್ರೆಗಳನ್ನೆಲ್ಲ ಹರವಿಕೊಂಡು ಕೂತಿದ್ದಾರೆ. ಕೈಯಲ್ಲಿ ಹಳೆಯ ಸ್ಪೀಕರಿನ ಅಯಸ್ಕಾಂತ. ಅಲ್ಯೂಮಿನಿಯಂ ಬೋಗುಣಿಗೆ ಅದು ಅಂಟುವುದಿಲ್ಲ. 'ಇದು ಇಂಡಕ್ಷನ್ ಮ್ಯಾಲೆ ಬಿಸಿ ಆಗಂಗಿಲ್ರಿ' ಎಂದು ಬೋಗುಣಿಯನ್ನು ಬದಿಗಿಡುತ್ತಾರೆ.

ಗಂಗಾವತಿಯ ಅಮರಪ್ಪನವರಿಗೆ ಐವತ್ತೆಂಟು. 1997ರಿಂದ ಸ್ಟೋವ್ ರಿಪೇರಿಯೇ ಬದುಕು. ಸೀಮೆಎಣ್ಣೆ ಹೋಗಿ ಗ್ಯಾಸ್ ಬಂತು, ಅದರ ಬೆನ್ನಿಗೆ ಇಂಡಕ್ಷನ್. ಕುಷ್ಟಗಿ, ಯಲಬುರ್ಗಾ ಎನ್ನದೆ ದಿನಕ್ಕೆ ನಾಲ್ಕೈದು ಮನೆ ಸುತ್ತುತ್ತಾರೆ. ಯಾವ ಒಲೆ ಕೊಳ್ಳಲಿ ಎಂದವರಿಗೆ ಕಂಪನಿಯ ಹೆಸರು ಮಾತ್ರ ಹೇಳುವುದಿಲ್ಲ. ಬೈಕಿಗೆ ಕಟ್ಟಿಕೊಂಡು ಬಂದ ತಮ್ಮದೇ ಒಲೆ ಇಳಿಸಿ, ಮೊದಲು ಮನೆಯಾಕೆಯಿಂದ ರೊಟ್ಟಿ ಮಾಡಿಸುತ್ತಾರೆ.

ಇದನ್ನು ಅವರು ಪೆಟ್ಟು ತಿಂದು ಕಲಿತದ್ದು. ವರ್ಷಗಳ ಹಿಂದೆ ಸುಂಕಲಮ್ಮ ಎಂಬವರಿಗೆ ಒಲೆ ಆರಿಸಿಕೊಟ್ಟಿದ್ದರು. ಆರು ತಿಂಗಳಾದ ಮೇಲೆ ನೋಡಿದರೆ ಅದರ ಮೇಲೆ ಜೋಳದ ಹಿಟ್ಟಿನ ಡಬ್ಬಿ! ಹಂಚಿಗೇನೋ ಅಯಸ್ಕಾಂತ ಅಂಟಿತ್ತು, ಆದರೆ ತಳ ಗುಂಡಗಿದ್ದುದರಿಂದ ಒಲೆಯ ಮೇಲೆ ಸರಿಯಾಗಿ ಕೂರುತ್ತಿರಲಿಲ್ಲ. ಆಕೆ ಮತ್ತೆ ಕಟ್ಟಿಗೆ ಒಲೆಯ ಮುಂದೆ ಕೂತಿದ್ದರು. 'ಪಾತ್ರಿ ನೋಡಿದ್ದೆ, ಕರೆಂಟ್ ನೋಡಿದ್ದೆ. ಅಡಗಿ ಮಾಡೋ ಆಕಿನ್ನ ನೋಡಿರಲಿಲ್ರಿ. ಭಾಳ ನಾಚಿಕಿ ಆತು' ಎನ್ನುವಾಗ ಈಗಲೂ ತಲೆ ತಗ್ಗಿಸುತ್ತಾರೆ.

ಎಪ್ಪತ್ತು ದಾಟಿದ ಕಸ್ತೂರೆಮ್ಮನವರ ಎದೆ ಹೊಗೆಗೆ ಸೋತಿದೆ. ಕಟ್ಟಿಗೆ ಒಲೆಯ ಹತ್ತಿರ ಸುಳಿಯಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಸೊಸೆ ಅಮೃತಾ ಅವರೇ ಅಡುಗೆ ಮಾಡುತ್ತಾರೆ. ಅತ್ತೆ ಮಾತ್ರ ವಾರದಿಂದ ಮುಖ ಊದಿಸಿಕೊಂಡಿದ್ದಾರೆ. 'ರೊಟ್ಟಿ ಬಡಿಯೂದು ಬಿಟ್ಟು ಕುಂತ್ರ ನಾ ಯಾತಕ್ಕ ಇರಬೇಕವಾ?'

ಅಮೃತಾ ಒಲೆಯನ್ನು ಕಟ್ಟೆಯ ಮೇಲಿಡಲು ಹೋದರೆ ಅಮರಪ್ಪ ತಡೆಯುತ್ತಾರೆ. 'ಯವ್ವ ಕುಂತು ಬಡಿಯಾಕಿ. ಅಲ್ಲಿಟ್ರ ಆಕಿಗೆ ಎಟುಕಂಗಿಲ್ರಿ.' ನೆಲದ ಮೇಲೆ ಮಣೆ, ಮಣೆಯ ಮೇಲೆ ಒಲೆ, ಅದರ ಮೇಲೆ ಅವರೇ ತಂದ ಚಪ್ಪಟೆ ಹಂಚು. ಮೊದಲ ರೊಟ್ಟಿ ಹಂಚಿಗೆ ಅಂಟಿಕೊಂಡು ಹರಿಯುತ್ತದೆ. ಅಜ್ಜಿಯ ಮುಖ ಸಣ್ಣದಾಗುತ್ತದೆ.

'ಉರಿ ಕಮ್ಮಿ ಮಾಡಾಕ ಇಲ್ಲಿ ಕಟ್ಟಿಗಿ ಹಿಂದ ಎಳಿಯೂದಲ್ರಿ ಯವ್ವಾ, ಈ ಬಟನ್ ಒತ್ತೂದು' ಎನ್ನುತ್ತಾರೆ ಅಮರಪ್ಪ.

ಎರಡನೆಯದು ಬಟ್ಟೆಯಿಂದ ಒತ್ತುತ್ತಿದ್ದಂತೆ ಉಬ್ಬುತ್ತದೆ. ನಾಲ್ಕಾಯಿತು, ಐದಾಯಿತು. ಕಸ್ತೂರೆಮ್ಮ ಒಮ್ಮೆಯೂ ಕೆಮ್ಮಿಲ್ಲ. ಸೊಸೆಯ ಕಣ್ಣು ತುಂಬಿದೆ. ನೋಡಿದ್ದು ಸಾಕೆಂದು ಅಮರಪ್ಪ ಪ್ಲಗ್ ಕೀಳಲು ಕೈ ಚಾಚಿದರೆ ಅಜ್ಜಿ ಗದರುತ್ತಾರೆ:

'ಸುಮ್ಮ ಕುಂದ್ರೋ ತಮ್ಮಾ, ಹಿಟ್ಟು ಇನ್ನೂ ಐತಿ.'