ಅಜ್ಜಿಗೆ ಎರಡು ದಶಮಿ

ಆಗೆಲ್ಲ ಸಿಡ್ನಿಯ ಕ್ವೇಕರ್ಸ್ ಹಿಲ್‌ನ ನಮ್ಮ ಮನೆಗೆ ಮೆಲ್ಬರ್ನ್‌ನಿಂದ ಚಿಕ್ಕಪ್ಪ ಬರುತ್ತಾರೆಂದರೆ ನನಗೆ ಹಬ್ಬ. ಅವರ ಮಗಳು ಸ್ವಾತಿ ನನ್ನ ಓರಗೆಯವಳು. ಹಿತ್ತಿಲ ಕಾಂಕ್ರೀಟಿನ ಮೇಲೆ ಅಜ್ಜಿ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದುಕೊಡುತ್ತಿದ್ದಳು. ನಾವು ಕವಡೆ ಹಾಕಿ ಆಡಿ, ಜಗಳವಾಡಿ, ಮತ್ತೆ ಆಡುತ್ತಿದ್ದೆವು. ಅಜ್ಜಿ ಆರು ತಿಂಗಳು ನಮ್ಮಲ್ಲಿ, ಆರು ತಿಂಗಳು ಅವರಲ್ಲಿ. "ನನ್ನ ಮಕ್ಕಳಿಬ್ರೂ ಒಂದೇ ಊರಲ್ಲಿದ್ದಿದ್ರೆ ಈ ವಿಮಾನದ ಪಾಡು ತಪ್ಪೋದು" ಎಂದು ಗೊಣಗುತ್ತಿದ್ದಳು.

ಅವಳು ತೀರಿಕೊಂಡದ್ದು ನಮ್ಮ ಮನೆಯಲ್ಲೇ. ಮೊದಲ ವರ್ಷದ ತಿಥಿಯನ್ನು ಅಪ್ಪ, ಚಿಕ್ಕಪ್ಪ ಶ್ರೀರಂಗಪಟ್ಟಣಕ್ಕೆ ಹೋಗಿ ಒಟ್ಟಿಗೆ ಮಾಡಿ ಬಂದರು. ಮರುವರ್ಷದ್ದು ನಮ್ಮ ಗ್ಯಾರೇಜಿನಲ್ಲಿ ಎಂದು ತೀರ್ಮಾನವಾಯಿತು. ಮನೆಯೊಳಗೆ ತುಪ್ಪದ ಹೊಗೆ ಎದ್ದರೆ ಅಲಾರಂ ಬಡಿದುಕೊಳ್ಳುತ್ತದಲ್ಲ!

"ದಶಮಿಗೆ ಬಂದ್ಬಿಡೋ" ಎಂದರು ಅಪ್ಪ ಫೋನಿನಲ್ಲಿ.

"ದಶಮಿಗೆ ಅಲ್ಲಿರ್ತೀನಿ ಕಣಣ್ಣ" ಎಂದರು ಚಿಕ್ಕಪ್ಪ.

ಅಷ್ಟೇ ಮಾತು. ಆಫೀಸಿನ ಮೀಟಿಂಗಾದರೆ ಗಂಟೆ, ನಿಮಿಷ ಎಲ್ಲ ಕೇಳಿ ಬರೆದುಕೊಳ್ಳುವ ಈ ಇಬ್ಬರು ಮಹಾನುಭಾವರು, ಹೆತ್ತವಳ ತಿಥಿ ಯಾವ ವಾರ ಎಂದು ಹೇಳಲೂ ಇಲ್ಲ, ಕೇಳಲೂ ಇಲ್ಲ.

ಅಡುಗೆಮನೆಯಲ್ಲಿ ತೂಗುಹಾಕಿದ್ದ ಮೈಸೂರಿನ ಕ್ಯಾಲೆಂಡರಿನಲ್ಲಿ ದಶಮಿ ಶ್ರಾದ್ಧ ಶುಕ್ರವಾರ ಇತ್ತು. ಅಪ್ಪ ಚಾಟ್ಸ್‌ವುಡ್‌ನ ಆಫೀಸಿಗೆ ರಜೆ ಹಾಕಿದರು. ಪುರೋಹಿತರು ಬಂದರು, ಚಿಕ್ಕಪ್ಪ ಬರಲಿಲ್ಲ. ಅಪ್ಪ ಫೋನ್ ಮಾಡಿದರೆ ಎತ್ತಲಿಲ್ಲ. ಆಮೇಲೆ ಗೊತ್ತಾಯಿತು, ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನಲ್ಲಿ ಆಫೀಸಿನ ಮೀಟಿಂಗಿನಲ್ಲಿದ್ದರಂತೆ. "ಹೊತ್ತು ಮೀರತ್ತೆ, ಶುರು ಮಾಡೋಣ" ಎಂದರು ಪುರೋಹಿತರು. ಅಪ್ಪ ಒಬ್ಬರೇ ಕೂತು ಎಳ್ಳುನೀರು ಬಿಟ್ಟರು. ಗ್ಯಾರೇಜಿನ ಪೆಟ್ರೋಲ್ ವಾಸನೆಯೊಳಗೆ ತುಪ್ಪದ, ಉದ್ದಿನ ವಡೆಯ ಘಮ ಸೇರಿಕೊಂಡಿತ್ತು. ಊಟಕ್ಕೆ ಕೂತಾಗ ಅಪ್ಪನ ಮುಖ ಕೆಂಡವಾಗಿತ್ತು. "ಆಫೀಸಲ್ಲೇ ಕೂತಿರ್ತಾನೆ. ಅಮ್ಮನಿಗಿಂತ ಆಫೀಸ್ ಹೆಚ್ಚಾಯ್ತು ಅವನಿಗೆ."

ಸಂಜೆ ಚಿಕ್ಕಪ್ಪನ ಫೋನ್ ಬಂತು. ಅಪ್ಪ ಹೆಸರು ನೋಡಿ ಫೋನನ್ನು ಮಗುಚಿ ಇಟ್ಟರು.

"ಎತ್ತಿ ಮಾತಾಡ್ರೀ, ಏನಾಯ್ತೋ ಏನೋ" ಎಂದಳು ಅಮ್ಮ.

"ಏನೂ ಆಗಿರಲ್ಲ, ಸುಮ್ನಿರು."

ಫೋನು ಹೊಡೆದುಕೊಂಡು ಹೊಡೆದುಕೊಂಡು ತಾನೇ ಸುಮ್ಮನಾಯಿತು.

ಶನಿವಾರ ಬೆಳಿಗ್ಗೆ ಬೆಲ್ ಆಯಿತು. ಬಾಗಿಲಲ್ಲಿ ಚಿಕ್ಕಪ್ಪ, ಚಿಕ್ಕಮ್ಮ, ಸ್ವಾತಿ. ಚಿಕ್ಕಪ್ಪ ಕಾಫಿಯನ್ನೂ ಕುಡಿಯದೆ ಮೊದಲ ವಿಮಾನ ಹಿಡಿದು ಬಂದಿದ್ದರು. ಕೈಚೀಲದಲ್ಲಿ ಮಡಿಪಂಚೆ, ಚಿಕ್ಕಮ್ಮ ಕಟ್ಟಿದ ಎಳ್ಳುಂಡೆ.

"ಪುರೋಹಿತರು ಬಂದ್ರಾ ಅಣ್ಣ?"

"ನಿನ್ನೇನೇ ಮುಗೀತಲ್ಲೋ. ದಶಮಿಗೆ ಬಾ ಅಂದಿರ್ಲಿಲ್ವಾ?"

"ದಶಮಿಗೇ ಬಂದಿದೀನಿ! ನೆಟ್‌ನಲ್ಲಿ ಇಲ್ಲಿನ ಪಂಚಾಂಗ ನೋಡು. ಇಲ್ಲಿ ಮಧ್ಯಾಹ್ನಕ್ಕೆ ದಶಮಿ ಇರೋದು ಇವತ್ತು."

"ನಮ್ಮಮ್ಮಂಗೆ ಊರಿನ ಪಂಚಾಂಗ ಕಣೋ."

"ಅಮ್ಮ ಹೋಗಿದ್ದು ಈ ಊರಲ್ಲಿ! ಸಂಜೆ ಫೋನ್ ಮಾಡಿದ್ನಲ್ಲ, ಎತ್ತೋಕೇನಾಗಿತ್ತು ನಿಂಗೆ?"

ಮೈಸೂರಿನಲ್ಲಿ ಶುಕ್ರವಾರ ಮಧ್ಯಾಹ್ನ ಶುರುವಾದ ದಶಮಿ, ನಮ್ಮ ಗಡಿಯಾರದಲ್ಲಿ ಶುರುವಾದದ್ದು ಸಂಜೆಗೆ; ತಿಥಿ ಮಾಡುವ ಮಧ್ಯಾಹ್ನದ ಹೊತ್ತಿಗೆ ಅದು ಇಲ್ಲಿ ಸಿಕ್ಕಿದ್ದು ಶನಿವಾರ. ಇಬ್ಬರ ಲೆಕ್ಕವೂ ಸರಿಯೇ ಇತ್ತು, ಅದಕ್ಕೇ ಇಬ್ಬರೂ ಸೋಲಲಿಲ್ಲ.

"ಇವತ್ತು ಇನ್ನೊಂದ್ಸಲ ಮಾಡಿದ್ರಾಯ್ತಪ್ಪಾ" ಎಂದೆ ನಾನು. ಸ್ವಾತಿ ಉಳಿದರೆ ಸಾಕಿತ್ತು ನನಗೆ.

"ಆಟ ಅಂದ್ಕೊಂಡ್ಯಾ? ಒಳಗೆ ಹೋಗು!"

ಅಮ್ಮ ತಟ್ಟೆಯಲ್ಲಿ ವಡೆ ತಂದಳು. "ನಿನ್ನೆಯ ವಡೆ ನಂಗೆ ಬೇಡ ಅತ್ತಿಗೆ" ಎಂದರು ಚಿಕ್ಕಪ್ಪ. "ಅವಳು ನನಗೂ ಅಮ್ಮ ಆಗಿದ್ಲು." ಟ್ಯಾಕ್ಸಿ ಕರೆಸಿ ಹಾಗೇ ಹೊರಟುಬಿಟ್ಟರು. ನಾನು ಹಿಂದಿನ ದಿನ ಬೆಳಿಗ್ಗೆಯೇ ಎದ್ದು ಬರೆದಿಟ್ಟಿದ್ದ ಚೌಕಾಬಾರದ ಮನೆಯನ್ನು ಸ್ವಾತಿ ನೋಡಲೂ ಇಲ್ಲ. ಅಪ್ಪನ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಅಲ್ಲಿಂದಾಚೆ ಅಜ್ಜಿಗೆ ಸಿಡ್ನಿಯಲ್ಲೊಂದು ದಶಮಿ, ಮೆಲ್ಬರ್ನ್‌ನಲ್ಲೊಂದು ದಶಮಿ. ಎರಡೂ ಒಂದೇ ದಿನ ಬಿದ್ದ ವರ್ಷಗಳಲ್ಲೂ ಅಣ್ಣ ತಮ್ಮ ಒಟ್ಟಿಗೆ ಕೂರಲಿಲ್ಲ.

ಹೋದ ವರ್ಷ ಅಪ್ಪ ತೀರಿಕೊಂಡರು. ನಾನು ಹೆಣ್ಣು, ಅವರಿಗೆ ಗಂಡುಮಕ್ಕಳಿಲ್ಲ; ಕರ್ಮ ಮಾಡಲು ಚಿಕ್ಕಪ್ಪನನ್ನೇ ಕರೆಯಬೇಕಾಯಿತು. ಬಂದರು. ಮಾತು ಬಿಟ್ಟಿದ್ದ ಅಣ್ಣನ ಬಾಯಿಗೆ ಅಕ್ಕಿಕಾಳು ಹಾಕಿದರು. ಚಿತಾಗಾರದ ಹೊರಗೆ ಸ್ವಾತಿ ಆಫೀಸಿನವರ ಹಾಗೆ ಕೈ ಕುಲುಕಿ "ಸಾರಿ ಫಾರ್ ಯುವರ್ ಲಾಸ್" ಅಂದಳು. ಒಂದೇ ಕವಡೆಗೆ ಕಿತ್ತಾಡಿದವರು ನಾವು.

ಮೊನ್ನೆ ಅಪ್ಪನ ಮೊದಲ ವರ್ಷದ ತಿಥಿಗೆಂದು ಚಿಕ್ಕಪ್ಪನಿಗೆ ಫೋನ್ ಮಾಡಿದೆ. "ಪಂಚಮಿಗೆ..." ಎನ್ನುವಷ್ಟರಲ್ಲಿ ತಡೆದರು.

"ಪಂಚಮಿ ಗಿಂಚಮಿ ಬೇಡ ಪುಟ್ಟಿ. ಯಾವ ವಾರ, ಎಷ್ಟು ಗಂಟೆಗೆ, ಅದನ್ನ ಹೇಳು."

ಹೇಳಿದೆ. ಅಷ್ಟನ್ನು ಕೇಳುವುದಕ್ಕೆ ನಮ್ಮ ಮನೆಯಲ್ಲಿ ಇನ್ನೊಂದು ಸಾವಾಗಬೇಕಾಯಿತು.